ಮಲಗಿದ ಬುದ್ಧನ ಫೋಟೊ

ಶಹಾಪುರಕ್ಕೆ ಹೋಗಿಬಂದವರು ಮನೆಗೆ ಬಂದ ಕೂಡಲೇ ಮೊಬೈಲು ತೆಗೆದು ತೋರಿಸುವ ಮೊದಲ ಫೋಟೊ ಯಾವುದು ಬಲ್ಲಿರಾ? ಬುದ್ಧ ಮಲಗಿದ ಬೆಟ್ಟದ್ದು. ಅದನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ? "ಎಲ್ಲಿದ್ದಾನ್ರಿ ಬುದ್ಧ?"

ತೋರಿಸುವವರು ಬೆರಳಿಟ್ಟು, "ಇಗಾ ನೋಡ್ರಿ, ಇದು ಹಣೆ, ಇದು ಮೂಗು, ಇದು ಎದೆ...." ಎಂದು ವಿವರಿಸುತ್ತಾರೆ. ನೋಡುವವರು ಮರ್ಯಾದೆಗೆ "ಹೌದ್ಹೌದು" ಎನ್ನುತ್ತಾರೆ. ಫೋಟೊದಲ್ಲಿ ಇರುವುದಾದರೂ ಏನು? ಅರ್ಧಕ್ಕಿಂತ ಹೆಚ್ಚು ಬಿಳಿಚಿಕೊಂಡ ಆಕಾಶ, ಕೆಳಗೆ ಡಾಂಬರು ರಸ್ತೆ, ಒಂದು ಕರೆಂಟು ಕಂಬ, ನಡುವೆ ಬೆರಳು ದಪ್ಪದ ಕಂದು ಗೆರೆ. ಆ ಗೆರೆಯೇ ಬೆಟ್ಟ! ರಸ್ತೆಯ ಬದಿಗೆ ನಿಂತಾಗ ಮಾತು ನಿಲ್ಲಿಸಿದ್ದ ಅಷ್ಟು ದೊಡ್ಡ ಮೂರ್ತಿ ಮನೆಗೆ ಬರುವಷ್ಟರಲ್ಲಿ ಇರುವೆ ಸಾಲಾಗಿ ಹೋಗಿದೆ.

ಮೊಬೈಲು ಕೆಟ್ಟದ್ದೇನಲ್ಲ. ತೆಗೆದವರ ಕೈಯೂ ಅಲುಗಿಲ್ಲ. ನಮ್ಮ ಕಣ್ಣು ನೋಡುವ ರೀತಿ ಬೇರೆ, ಕ್ಯಾಮರಾ ನೋಡುವ ರೀತಿ ಬೇರೆ, ಅಷ್ಟೆ. ಇವೆರಡರ ನಡುವಿನ ಅಂತರ ತಿಳಿದುಕೊಂಡರೆ ಫೋಟೊ ತೆಗೆಯುವ ವಿದ್ಯೆ ಅರ್ಧ ಕೈಗೆ ಬಂದಂತೆ. ಅದಕ್ಕೆ ದೊಡ್ಡ ಕ್ಯಾಮರಾ ಬೇಡ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳನ್ನು ಎರಡು ದಿನ ಸುತ್ತಿಬಂದರೆ ಸಾಕು.

"ಒಂದು ಫೋಟೊಕ್ಕೆ ಇಷ್ಟೆಲ್ಲ ಯಾಕವ್ವಾ?" ಎನ್ನುತ್ತೀರಾ? ಪ್ರತಿ ಮನೆಯಲ್ಲೂ ಪ್ರವಾಸಕ್ಕೆ ಬರಲಾರದವರು ಒಬ್ಬರು ಇದ್ದೇ ಇರುತ್ತಾರೆ. ಮೊಣಕಾಲು ನೋವಿನ ಅತ್ತೆ, ಬಾಣಂತನದಲ್ಲಿರುವ ತಂಗಿ, ದನಕರು ಬಿಟ್ಟು ಕದಲಲಾಗದ ಅವ್ವ. ಅವರನ್ನು ಬೆಟ್ಟ ಹತ್ತಿಸುವುದು ನಿಮ್ಮ ಫೋಟೊ. ಅವರೂ ಮರ್ಯಾದೆಗೆ "ಹೌದ್ಹೌದು" ಎಂದು ಮೊಬೈಲು ಮರಳಿ ಕೊಟ್ಟರೆ ನಾವು ತಂದದ್ದೇನು? ಇನ್ನೊಂದು ಮಾತೂ ಇದೆ. ಯಾದಗಿರಿ ಸೀಮೆಯೆಂದರೆ ಬಿಸಿಲು, ಬರ, ಗುಳೆ ಹೋಗುವ ಜನ ಎಂದಷ್ಟೇ ಕೇಳಿ ಬಲ್ಲವರು ಬಹಳ. "ಅಲ್ಲೇನೈತಿ ನೋಡೂವಂಥಾದ್ದು?" ಎಂದು ಅಲ್ಲಿಯವರೇ ಕೇಳುವುದುಂಟು. ಏನಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರೆ ಆಯಿತಲ್ಲ!

ಯಾದಗಿರಿಯ ತಂತಿಗಳು

ಮುಂಬಯಿ-ಚೆನ್ನೈ ರೈಲುಮಾರ್ಗ 1871ರಲ್ಲಿ ಪೂರ್ತಿಯಾಯಿತು. ಆ ಮಾರ್ಗದ ಮೇಲೆಯೇ ಇದೆ ಯಾದಗಿರಿ. ಹೀಗಾಗಿ ದೂರದವರಿಗೂ ಬರಲು ತೊಂದರೆಯಿಲ್ಲ. ಊರಿಗೇ ಅಂಟಿಕೊಂಡು ಕಲ್ಲುಗುಂಡುಗಳ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಬೆಳಗಿನ ತಂಪಿನಲ್ಲಿ ಹತ್ತಿಬಿಡಿ. ಹತ್ತು ಗಂಟೆಯ ಮೇಲೆ ಇಲ್ಲಿಯ ಬಂಡೆಗಳು ಹಂಚಿನಂತೆ ಕಾಯುತ್ತವೆ.

ಕೆಳಗೆ ಊರಿನಿಂದಲೇ ಕೋಟೆಯ ಒಂದು ಫೋಟೊ ತೆಗೆದು ನೋಡಿ. ಕಣ್ಣಿಗೆ ಕೋಟೆ ಕಾಣುತ್ತದೆ. ಫೋಟೊದಲ್ಲಿ ಕೋಟೆಯ ಜೊತೆಗೆ ಏಳೆಂಟು ತಂತಿ, ಎರಡು ನೀರಿನ ಟಾಕಿ, ಒಂದು ಅಂಗಡಿ ಬೋರ್ಡು, ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಲುಂಗಿ! ಇವೆಲ್ಲ ಎಲ್ಲಿಂದ ಬಂದವು? ಮೊದಲಿನಿಂದಲೂ ಅಲ್ಲೇ ಇದ್ದವು. ನಿಮ್ಮ ಕಣ್ಣಿಗೆ ಅವು ಬೇಕಿರಲಿಲ್ಲ, ಬಿಟ್ಟುಬಿಟ್ಟಿತು.

ಒಂದು ಸಣ್ಣ ಪರೀಕ್ಷೆ ಮಾಡಿ. ಕೈಯನ್ನು ಮುಂದಕ್ಕೆ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ, ಅದರ ಉಗುರನ್ನೇ ನೋಡಿ. ನಮ್ಮ ಕಣ್ಣಿಗೆ ಒಂದು ಸಲಕ್ಕೆ ಸ್ವಚ್ಛವಾಗಿ ಕಾಣುವುದು ಹೆಚ್ಚು ಕಡಿಮೆ ಆ ಉಗುರಿನಷ್ಟು ಜಾಗ ಮಾತ್ರ. ಉಳಿದದ್ದೆಲ್ಲ ಮಸುಕು. ಕಣ್ಣು ಆಚೀಚೆ ಚುರುಕಾಗಿ ಓಡಾಡಿ ಬೇಕಾದದ್ದನ್ನು ಹೆಕ್ಕಿ ತರುತ್ತದೆ, ಮನಸ್ಸು ಅದನ್ನೆಲ್ಲ ಸೇರಿಸಿ ಒಂದು ಚಿತ್ರ ಮಾಡಿಕೊಳ್ಳುತ್ತದೆ. ಅಕ್ಕಿ ಆರಿಸುವಾಗ ಕಲ್ಲಷ್ಟೇ ಕಾಣುತ್ತದಲ್ಲ, ಹಾಗೆ. ಮದುವೆ ಮನೆಯ ಗದ್ದಲದಲ್ಲೂ ನಮ್ಮ ಮಗುವಿನ ಮುಖ ಮಾತ್ರ ಥಟ್ಟನೆ ಕಾಣುತ್ತದಲ್ಲ, ಹಾಗೆ. ಕ್ಯಾಮರಾಕ್ಕೆ ಈ ಆರಿಸುವ ಬುದ್ಧಿ ಇಲ್ಲ. ಮೊರದಲ್ಲಿದ್ದುದನ್ನೆಲ್ಲ ಹಾಗೇ ಅನ್ನದ ಪಾತ್ರೆಗೆ ಸುರಿಯುತ್ತದೆ!

ಆರಿಸುವ ಕೆಲಸ ನಮ್ಮದೇ. ಗುಂಡಿ ಒತ್ತುವ ಮುನ್ನ ಪರದೆಯ ನಾಲ್ಕು ಅಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ನಡುವಿನ ಕೋಟೆಯನ್ನು ನೋಡಬೇಡಿ, ಅದನ್ನು ಹೇಗೂ ನೋಡಿರುತ್ತೀರಿ. ಅಂಚಿನಲ್ಲಿ ಏನು ನುಸುಳಿದೆ ಎಂದು ನೋಡಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ತಂತಿ ಹೋಗುತ್ತದೆ, ನಾಲ್ಕು ಹೆಜ್ಜೆ ಮುಂದೆ ಹೋದರೆ ಟಾಕಿ ಮಾಯ. ಫೋಟೊ ತೆಗೆಯಲು ಕೈಗಿಂತ ಕಾಲು ಹೆಚ್ಚು ಬೇಕು.

ಸಂಕ್ರಾಂತಿಯ ಹೊತ್ತಿಗೆ ಬಂದವರು ಇದೇ ತಾಲ್ಲೂಕಿನ ಮೈಲಾಪುರಕ್ಕೂ ಹೋಗುತ್ತೀರಿ. ಮಲ್ಲಯ್ಯನ ಜಾತ್ರೆ, ಲೆಕ್ಕವಿಲ್ಲದಷ್ಟು ಜನ, ಎಲ್ಲೆಲ್ಲೂ ಭಂಡಾರ. ಅಷ್ಟು ಗದ್ದಲದ ಫೋಟೊ ಗೊಂದಲವಾಗಬೇಕಿತ್ತು, ಆದರೆ ಆಗುವುದಿಲ್ಲ. ಯಾಕೆ? ಮುಖ, ಪಟಕ, ಸೀರೆ, ಮೆಟ್ಟಿಲು ಎಲ್ಲವೂ ಅರಿಷಿಣ ಬಣ್ಣ. ಒಂದೇ ಬಣ್ಣದವನ್ನೆಲ್ಲ ನಮ್ಮ ಕಣ್ಣು ತಾನಾಗಿಯೇ ಒಂದು ಗುಂಪು ಮಾಡಿಕೊಳ್ಳುತ್ತದೆ. ಆ ಹಳದಿಯ ನಡುವೆ ಒಬ್ಬ ಅಜ್ಜಿಯ ಹಸಿರು ಸೀರೆ ಕಂಡರೆ ಬಿಡಬೇಡಿ, ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಬುದ್ಧ ಎಲ್ಲಿದ್ದಾನೆ?

ಯಾದಗಿರಿಯಿಂದ ಭೀಮಾ ನದಿ ದಾಟಿ ಶಹಾಪುರಕ್ಕೆ ತಾಸಿನೊಳಗಿನ ಹಾದಿ. ಬುದ್ಧ ಮಲಗಿದ ಬೆಟ್ಟ ಒಂದೇ ಬೆಟ್ಟವಲ್ಲ, ಸಾಲಾಗಿರುವ ಕೆಲವು ಗುಡ್ಡಗಳು ಸೇರಿ ಒಬ್ಬ ಬುದ್ಧನಾಗಿವೆ. ಭೀಮರಾಯನಗುಡಿ ಮತ್ತು ಶಹಾಪುರದ ನಡುವಿನ ರಸ್ತೆಯಿಂದ ನೋಡಿದರೆ ಆಕೃತಿ ಚೆನ್ನಾಗಿ ಕೂಡಿಬರುತ್ತದೆ. ಬೇಗ ನಿಂತುಬಿಟ್ಟರೆ, "ಇಲ್ಲಿಂದ ಕಾಣಂಗಿಲ್ರಿ ಅಕ್ಕೋರ, ಇನ್ನೀಟ ಮುಂದ ನಡೀರಿ" ಎನ್ನುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಮುಂದೆ ನಡೆದಂತೆ ಗುಡ್ಡಗಳು ಒಂದರ ಹಿಂದೊಂದು ಜರುಗುತ್ತವೆ. ಇದ್ದಕ್ಕಿದ್ದಂತೆ ಒಂದು ಕಡೆ ಮುಖ ಮೂಡುತ್ತದೆ, ಗದ್ದ ಮೂಡುತ್ತದೆ, ಎದೆಯ ಉಬ್ಬು ಕೂಡಿಕೊಳ್ಳುತ್ತದೆ. ಇನ್ನೂ ಮುಂದೆ ಹೋದಿರೋ, ಬುದ್ಧ ಮತ್ತೆ ಕಲ್ಲಾಗುತ್ತಾನೆ.

ಒಂದು ಸ್ವಾರಸ್ಯ ಗಮನಿಸಿ. ಅದು ಬುದ್ಧ ಎಂದು ಯಾರಾದರೂ ಹೇಳುವವರೆಗೆ ಅನೇಕರಿಗೆ ಅದು ಬರೀ ಗುಡ್ಡ. ಒಮ್ಮೆ ಕಂಡಿತೋ, ಆಮೇಲೆ ಬರೀ ಗುಡ್ಡವಾಗಿ ನೋಡಲು ಸಾಧ್ಯವೇ ಇಲ್ಲ. ಮುಖವನ್ನು ಹುಡುಕುವುದು ನಮ್ಮ ಕಣ್ಣಿನ ಹುಟ್ಟುಗುಣ. ಬೆಂದ ರೊಟ್ಟಿಯ ಸುಟ್ಟ ಕಲೆಗಳಲ್ಲಿ, ಮಳೆಗೆ ಒದ್ದೆಯಾದ ಗೋಡೆಯಲ್ಲಿ, ಮೋಡದಲ್ಲಿ ಮಕ್ಕಳು ಮುಖ ಕಾಣುವುದಿಲ್ಲವೇ? ಎರಡು ಚುಕ್ಕೆ, ಒಂದು ಗೆರೆ ಸಿಕ್ಕರೆ ಸಾಕು, ಉಳಿದದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ.

ಹಾಗಾದರೆ ಫೋಟೊ ನೋಡುವವರಿಗೆ ಏನು ಕೊಡಬೇಕು? ಆ ಗೆರೆಯನ್ನು ಕೊಡಬೇಕು. ಬುದ್ಧ ಇರುವುದು ಬೆಟ್ಟದ ಕಲ್ಲಿನಲ್ಲಿ ಅಲ್ಲ, ಬೆಟ್ಟ ಮತ್ತು ಆಕಾಶ ಕೂಡುವ ಅಂಚಿನಲ್ಲಿ. ನಡುಮಧ್ಯಾಹ್ನ ಬೆಟ್ಟದ ಪ್ರತಿ ಬಂಡೆ, ಪ್ರತಿ ಪೊದೆ ಬೇರೆಬೇರೆಯಾಗಿ ಕಂಡು ಕಣ್ಣು ಅವುಗಳಲ್ಲೇ ಕಳೆದುಹೋಗುತ್ತದೆ. ಹೊತ್ತು ಹುಟ್ಟುವ ಮೊದಲಿನ ಹತ್ತು ನಿಮಿಷ, ಇಲ್ಲವೇ ಮುಳುಗಿದ ನಂತರದ ಹತ್ತು ನಿಮಿಷ ನಿಂತು ನೋಡಿ. ಆಕಾಶ ಇನ್ನೂ ಬೆಳ್ಳಗಿರುತ್ತದೆ, ಬೆಟ್ಟ ಕಪ್ಪಾಗಿರುತ್ತದೆ. ಬಂಡೆ-ಪೊದೆಗಳೆಲ್ಲ ಅಳಿಸಿಹೋಗಿ ಕಪ್ಪು ಕಾಗದ ಕತ್ತರಿಸಿ ಅಂಟಿಸಿದಂತೆ ಆಕಾರವೊಂದೇ ಉಳಿಯುತ್ತದೆ. ಆ ಫೋಟೊ ನೋಡಿ ಯಾರೂ "ಎಲ್ಲಿ?" ಎಂದು ಕೇಳುವುದಿಲ್ಲ.

ಮುಳ್ಳಿನ ಜಾಲಿಯೊಂದು ಬುದ್ಧನ ಮೂಗಿನ ಮೇಲೆ ಬೆಳೆದಂತೆ ಬಾರದಿರಲಿ. ಕರೆಂಟು ಕಂಬ ಎದೆಗೆ ಚುಚ್ಚದಿರಲಿ. ಅಂಚು ತುಂಡಾದರೆ ಆಕೃತಿಯೂ ತುಂಡಾಗುತ್ತದೆ.

ಇನ್ನು ಬೆಟ್ಟ ಇರುವೆ ಸಾಲಾದದ್ದೇಕೆ ಎಂಬ ಪ್ರಶ್ನೆ ಉಳಿಯಿತು. ಉತ್ತರ ಚಂದ್ರನಲ್ಲಿದೆ. ಹುಣ್ಣಿಮೆಯ ಸಂಜೆ ಗುಡ್ಡದ ಹಿಂದಿನಿಂದ ಏಳುವ ಚಂದ್ರ ಜೋಳದ ರೊಟ್ಟಿಯಷ್ಟು ದೊಡ್ಡವ. ಅದೇ ಚಂದ್ರ ರಾತ್ರಿ ನೆತ್ತಿಗೆ ಬಂದಾಗ ಸಣ್ಣ ಪೂರಿಯಷ್ಟು. ನಿಜದಲ್ಲಿ ಎರಡೂ ಹೊತ್ತು ಅವನ ಅಳತೆ ಒಂದೇ. ನಂಬಿಕೆ ಬಾರದಿದ್ದರೆ ಕೈ ಚಾಚಿ ಕಿರುಬೆರಳ ಉಗುರಿನಿಂದ ಮುಚ್ಚಿ ನೋಡಿ, ಏಳುವ ಚಂದ್ರನನ್ನೂ ಅದೇ ಉಗುರು ಮುಚ್ಚುತ್ತದೆ! ನಮಗೆ ಮುಖ್ಯವೆನಿಸಿದ್ದನ್ನು, ದೂರದಲ್ಲಿದ್ದೂ ದೊಡ್ಡದೆಂದು ಗೊತ್ತಿರುವುದನ್ನು ಮನಸ್ಸು ಹಿಗ್ಗಿಸಿ ತೋರಿಸುತ್ತದೆ. ಕ್ಯಾಮರಾ ಅಳತೆ ಪಟ್ಟಿಯಿದ್ದಂತೆ, ಹಿಗ್ಗಿಸುವುದು ಅದಕ್ಕೆ ತಿಳಿಯದು. ಅದರ ಮೇಲೆ ಮೊಬೈಲಿನ ಮಸೂರ ಅಗಲವಾಗಿ ನೋಡುವಂಥದ್ದು, ಬೆಟ್ಟವನ್ನು ಇನ್ನಷ್ಟು ದೂರ ತಳ್ಳುತ್ತದೆ. ಒಂದೆರಡು ಪಟ್ಟು ಹತ್ತಿರಕ್ಕೆ ಎಳೆದುಕೊಳ್ಳಿ. ತೀರಾ ಎಳೆದರೆ ಚಿತ್ರ ಹಿಟ್ಟು ಹಿಟ್ಟಾಗುತ್ತದೆ, ಅದು ಬೇಡ. ಮುಂದಿನ ಹೊಲದಲ್ಲಿ ಎತ್ತಿನ ಬಂಡಿಯೋ, ಹುಲ್ಲಿನ ಹೊರೆ ಹೊತ್ತವಳೋ ಹೋಗುವವರೆಗೆ ತಾಳ್ಮೆಯಿಂದ ಕಾಯಿರಿ. ಮನುಷ್ಯರ ಅಳತೆ ಎಲ್ಲರಿಗೂ ಗೊತ್ತು. ಹಿಂದೆ ಮಲಗಿದವನು ಎಷ್ಟು ದೊಡ್ಡವನೆಂದು ಆಗ ತಾನಾಗಿಯೇ ತಿಳಿಯುತ್ತದೆ.

ವಿಭೂತಿಹಳ್ಳಿಯ ಚುಕ್ಕಿಗಳು

ಶಹಾಪುರಕ್ಕೆ ಬಂದವರು ನೂರಕ್ಕೆ ತೊಂಬತ್ತು ಮಂದಿ ನೋಡದೆ ಹೋಗುವ ಜಾಗವೊಂದಿದೆ. ನನ್ನ ಲೆಕ್ಕದಲ್ಲಿ ಬುದ್ಧನಷ್ಟೇ ದೊಡ್ಡದು ಅದು. ತಾಲ್ಲೂಕಿನ ವಿಭೂತಿಹಳ್ಳಿಯ ಹತ್ತಿರ ಬಯಲಿನಲ್ಲಿ ಕಲ್ಲುಗುಂಡುಗಳಿವೆ. ಒಬ್ಬಿಬ್ಬರು ನೂಕಿದರೆ ಅಲುಗದಂಥವು. ಹೋಗಿ ನಿಂತರೆ, "ಇದಕ್ಕಾ ಕರಕೊಂಡು ಬಂದಿ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಈ ಸೀಮೆಯಲ್ಲಿ ಕಲ್ಲಿಗೇನು ಬರವೇ!

ಸ್ವಲ್ಪ ತಡೆಯಿರಿ. ಒಂದು ಕಲ್ಲಿನ ಪಕ್ಕ ನಿಂತು ಅದರ ಆಚೆಯ ಕಲ್ಲನ್ನು, ಅದರಾಚೆಯದನ್ನು ನೋಡುತ್ತ ಹೋಗಿ. ಸಾಲು ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೊಂದು ಸಾಲು. ನಾಲ್ಕು ಮೂಲೆಗೆ ನಾಲ್ಕು, ನಟ್ಟನಡುವೆ ಒಂದು. ಈ ಜೋಡಣೆ ನಿಮಗೆ ಹೊಸದೇ? ನೇರ ಚುಕ್ಕಿ, ಮಧ್ಯ ಚುಕ್ಕಿ ಎಂದು ಪತ್ರಿಕೆಯ ರಂಗೋಲಿ ಪುಟದಲ್ಲಿ ಎಷ್ಟು ಸಲ ನೋಡಿಲ್ಲ! ಹದಿನೈದರಿಂದ ಎಂಟರವರೆಗೆ ಮಧ್ಯ ಚುಕ್ಕಿ ಇಟ್ಟ ಕೈಗೆ ಈ ಬಯಲು ಪರಿಚಿತವೇ. ಎರಡು ಸಾವಿರ ವರ್ಷಕ್ಕೂ ಹಿಂದೆ, ಬೃಹತ್ ಶಿಲೆಗಳನ್ನು ನಿಲ್ಲಿಸುತ್ತಿದ್ದ ಜನ ನೆಲದ ಮೇಲೆ ಬಂಡೆಗಳಿಂದ ಇಟ್ಟ ಮಧ್ಯ ಚುಕ್ಕಿ ಇದು. ಯಾಕೆ ಇಟ್ಟರು? ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೂ ಇದಕ್ಕೂ ಸಂಬಂಧವಿರಬಹುದೆಂದು ಕೆಲವು ವಿದ್ವಾಂಸರು ಅಳೆದು ನೋಡಿದ್ದಾರೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೂರೆಪ್ಪತ್ತು ವರ್ಷಗಳ ಹಿಂದೆಯೇ ಈ ಕಲ್ಲುಸಾಲುಗಳ ಬಗ್ಗೆ ಬರೆದ. ಆಲ್ಚಿನ್ ಎಂಬ ಪುರಾತತ್ವ ವಿದ್ವಾಂಸರು 1956ರಲ್ಲಿ ಇಂಥವೇ ಸಾಲುಗಳ ಮೇಲೆ ಲೇಖನ ಪ್ರಕಟಿಸಿದರು.

ಬಿಡಿ ಚುಕ್ಕಿಗಳು ಕಣ್ಣಿಗೆ ಸಾಲಾಗಿ ಏಕೆ ಕಾಣಬೇಕು? ನಮಗೆ ಇದು ಪ್ರಶ್ನೆಯೇ ಅಲ್ಲ, ದಿನಾ ಬೆಳಿಗ್ಗೆ ಬಾಗಿಲ ಮುಂದೆ ಕಾಣುತ್ತೇವೆ. ಆದರೆ ಮ್ಯಾಕ್ಸ್ ವರ್ಥೈಮರ್ ಎಂಬ ಮನಶ್ಶಾಸ್ತ್ರಜ್ಞನಿಗೆ ಇದೇ ದೊಡ್ಡ ಪ್ರಶ್ನೆಯಾಯಿತು. 1910ರಲ್ಲಿ ಆತ ರೈಲಿನಲ್ಲಿ ಹೋಗುತ್ತಿದ್ದಾಗ ಏನೋ ಹೊಳೆದು ಫ್ರಾಂಕ್‌ಫರ್ಟ್ ಊರಿನಲ್ಲಿ ಇಳಿದುಬಿಟ್ಟನಂತೆ. ಚಿತ್ರಗಳನ್ನು ತಿರುಗಿಸಿ ಓಡುವಂತೆ ತೋರಿಸುವ ಒಂದು ಮಕ್ಕಳ ಆಟಿಕೆ ಕೊಂಡು ಪ್ರಯೋಗ ಶುರುಮಾಡಿದನಂತೆ. ಮುಂದೆ 1923ರಲ್ಲಿ ಆತ ಬರೆದ ಪ್ರಸಿದ್ಧ ಲೇಖನದ ತುಂಬ ಇರುವುದು ಏನು ಗೊತ್ತೇ? ಚುಕ್ಕಿಗಳು! ಹತ್ತಿರ ಹತ್ತಿರ ಇರುವ ಚುಕ್ಕಿಗಳು ಒಂದು ಗುಂಪಾಗಿ ಕಾಣುತ್ತವೆ, ಒಂದೇ ತೆರನವು ಒಟ್ಟಾಗಿ ಕಾಣುತ್ತವೆ, ಒಂದೇ ಹಾದಿ ಹಿಡಿದವು ಗೆರೆಯಾಗಿ ಕಾಣುತ್ತವೆ ಎಂದು ಆತ ತೋರಿಸಿದ. ರಂಗೋಲಿ ಬಿಡಿಸುವ ಯಾವ ಹುಡುಗಿಯೂ ಹೇಳಬಹುದಾದ ಮಾತು ಎನ್ನಿ. ಆದರೆ ಬರೆದಿಟ್ಟವನು ಆತ.

ಈಗ ಫೋಟೊ. ನಿಂತಲ್ಲೇ ಎದೆಯ ಮಟ್ಟದಲ್ಲಿ ಮೊಬೈಲು ಹಿಡಿದರೆ ಮುಂದಿನ ಕಲ್ಲು ಹಿಂದಿನದನ್ನು ಮುಚ್ಚಿ ಎಲ್ಲವೂ ಒಂದು ರಾಶಿಯಂತೆ ಬರುತ್ತದೆ. ರಂಗೋಲಿಯನ್ನು ನೆಲಕ್ಕೆ ಕೆನ್ನೆಯಿಟ್ಟು ನೋಡಿದ ಹಾಗೆ! ಎರಡೂ ಕೈ ಎತ್ತಿ ಮೊಬೈಲನ್ನು ತಲೆಯ ಮೇಲಕ್ಕೆ ಹಿಡಿಯಿರಿ. ಎತ್ತರದವರು ಜೊತೆಗಿದ್ದರೆ ಅವರಿಗೆ ಕೊಡಿ. ಕಲ್ಲು ಕಲ್ಲಿನ ನಡುವೆ ನೆಲ ಕಾಣಬೇಕು, ಆಗಲೇ ಚುಕ್ಕಿ ಬೇರೆಯಾಗುವುದು. ಒಂದು ಸಾಲಿಗೆ ನೇರವಾಗಿ ನಿಲ್ಲಿ, ಆ ಸಾಲು ಚಿತ್ರದ ಕೆಳ ಅಂಚಿನಿಂದ ದೂರದವರೆಗೆ ಓಡಲಿ. ಬೆಳಗಿನ ಏಳರ ಬಿಸಿಲಾದರೆ ಪ್ರತಿ ಕಲ್ಲಿಗೂ ಒಂದೊಂದು ಉದ್ದ ನೆರಳು, ಎಲ್ಲ ನೆರಳೂ ಒಂದೇ ಕಡೆಗೆ. ಸಾಲು ಇನ್ನಷ್ಟು ಗಟ್ಟಿಯಾಗುತ್ತದೆ.

ಕಲ್ಲುಗಳ ಮೇಲೆ ಹತ್ತಿ ನಿಲ್ಲುವುದು, ಹೆಸರು ಗೀಚುವುದು ದಯವಿಟ್ಟು ಬೇಡ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಥಳ ಇದು. ಆದರೆ ಫಲಕವೊಂದೇ ಎಷ್ಟು ಕಾದೀತು? ಸಾಲು ಕಾಣದವರ ಕಣ್ಣಿಗೆ ಅದು ಬುನಾದಿಗೆ ಬರುವ ಕಲ್ಲು. ಒಂದು ಚುಕ್ಕಿ ಅಳಿಸಿದರೆ ರಂಗೋಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆ ಬಯಲಿನಲ್ಲಿ ಒಂದು ಚಿತ್ರವಿದೆ ಎಂದು ನಿಮ್ಮ ಫೋಟೊ ನೋಡಿ ಹತ್ತು ಜನಕ್ಕೆ ತಿಳಿದರೆ ಅದೂ ಒಂದು ಕಾವಲೇ.

ಇಷ್ಟು ಹೊತ್ತಿಗೆ ಹಸಿವಾಗಿರಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬುತ್ತಿ ಬಿಚ್ಚಲು ಗಿಡದ ನೆರಳು ಹುಡುಕಿಕೊಳ್ಳಿ. ಮೊಸರು ಮಾತ್ರ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ, ಈ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ನೀರು ಎಣಿಸಿದ್ದಕ್ಕಿಂತ ಎರಡು ಬಾಟಲಿ ಹೆಚ್ಚೇ ಇರಲಿ.

ಸುರಪುರದ ಹೊಸ್ತಿಲಲ್ಲಿ

ಸುರಪುರ ಗುಡ್ಡಗಳ ನಡುವೆ ಕುಳಿತ ಊರು. ನಾಯಕ ಅರಸರ ರಾಜಧಾನಿ. ಔರಂಗಜೇಬ ಖುದ್ದಾಗಿ ಬಂದು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಇವರ ವಾಗಿನಗೇರಿ ಕೋಟೆಯ ಮೇಲೆ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದದ್ದೂ ಇಲ್ಲಿಂದಲೇ. ಆ ಕಥೆಗಳಿಗೆ ಇನ್ನೊಂದು ಲೇಖನವೇ ಬೇಕು.

ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಆಗಲೇ ಹೇಳಿದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. 1841ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆತ ಈ ಊರಿನಲ್ಲಿದ್ದ. ಫೋಟೊಗೂ ಆತನಿಗೂ ಒಂದು ನಂಟು ಉಂಟು. ವಿಜಾಪುರದ ಕಟ್ಟಡಗಳದು ಒಂದು, ಧಾರವಾಡ-ಮೈಸೂರು ಸೀಮೆಯ ಗುಡಿಗಳದು ಇನ್ನೊಂದು, ಹೀಗೆ 1866ರಲ್ಲಿ ಎರಡು ದೊಡ್ಡ ಫೋಟೊ ಗ್ರಂಥಗಳು ಹೊರಬಂದವು. ಅವಕ್ಕೆ ಇತಿಹಾಸದ ಬರಹ ಟೇಲರನದು. ಫೋಟೊ ತೆಗೆದವರಲ್ಲಿ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೊ ಮುಂತಾದವರಿದ್ದರು. ಆಗಿನ ಕ್ಯಾಮರಾ ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು. ಒಂದು ಫೋಟೊಗೆ ಅಷ್ಟೆಲ್ಲ ಹೊತ್ತು ತಂದು ನಿಲ್ಲಿಸಬೇಕಾದ್ದರಿಂದ, ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಕಡೆ ಬೀಳಬೇಕು ಎಂದು ಮೊದಲೇ ಯೋಚಿಸಿಯೇ ತೆಗೆಯುತ್ತಿದ್ದರು. ನಾವೋ, ಒಂದು ಮೆಟ್ಟಿಲು ಹತ್ತುವುದರೊಳಗೆ ಇಪ್ಪತ್ತು ಒತ್ತಿರುತ್ತೇವೆ!

ಮನೆಯವರ ಫೋಟೊ ತೆಗೆಯಲು ಸುರಪುರದ ಹಳೆಯ ಬಾಗಿಲುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಸಾಮಾನ್ಯವಾಗಿ ಆಗುವುದೇನು? ಬಾಗಿಲಿನ ಒಳಗೆ ನಾವು ನಿಂತು, ಹೊರಗಿನ ಬೆಳಕಿಗೆ ಬೆನ್ನು ಮಾಡಿ ಅವರನ್ನು ನಿಲ್ಲಿಸುತ್ತೇವೆ. ಮುಖವೆಲ್ಲ ಮಸಿ! ಕಣ್ಣಿಗೆ ಮುಖ ಚೆನ್ನಾಗಿಯೇ ಕಂಡಿತ್ತಲ್ಲ ಎಂದು ಅಚ್ಚರಿ. ಕಣ್ಣು ಬೆಳಕನ್ನು ನೋಡುವಾಗ ಬೆಳಕಿಗೆ, ನೆರಳನ್ನು ನೋಡುವಾಗ ನೆರಳಿಗೆ ಹೊಂದಿಕೊಳ್ಳುತ್ತ ಹೋಗುತ್ತದೆ. ಕ್ಯಾಮರಾ ಒಂದು ಫೋಟೊಗೆ ಒಂದೇ ಲೆಕ್ಕ ಹಿಡಿಯುತ್ತದೆ. ಹೊರಗಿನ ಬಿಸಿಲಿಗೆ ಲೆಕ್ಕ ಹಾಕಿದರೆ ಮುಖ ಕತ್ತಲು. ಪರದೆಯ ಮೇಲೆ ಮುಖದ ಮೇಲೆಯೇ ಬೆರಳೊತ್ತಿದರೆ ಸ್ವಲ್ಪ ಸುಧಾರಿಸುತ್ತದೆ. ಅದಕ್ಕಿಂತ ಒಳ್ಳೆಯದು, ಅತ್ತೆಯನ್ನು ಹೊಸ್ತಿಲ ಒಳಗೆ ನೆರಳಿನಲ್ಲಿ ಹೊರಗಡೆ ಮುಖ ಮಾಡಿ ಕೂರಿಸಿ, ನೀವು ಅಂಗಳದಲ್ಲಿ ನಿಲ್ಲಿ. ಬೆಳಕು ಮೆತ್ತಗೆ ಮುಖದ ಮೇಲೆ ಬೀಳುತ್ತದೆ, ಹಿಂದಿನ ಒಳಮನೆ ಕಪ್ಪಾಗುತ್ತದೆ. ಕಣ್ಣು ಆ ಮುಖ ಬಿಟ್ಟು ಬೇರೆ ಎಲ್ಲಿಗೂ ಹೋಗುವುದಿಲ್ಲ. ಸುಕ್ಕು, ಮೂಗುಬಟ್ಟು, ಹಣೆಯ ಕುಂಕುಮ ಒಂದೊಂದೂ ನಿಲ್ಲುತ್ತದೆ. ನಗಿರಿ ಎಂದು ಒತ್ತಾಯಿಸಬೇಡಿ.

ತಲೆಯ ಹಿಂದೆ ಕಂಬ, ಗಿಡ, ಗುಡಿಯ ಶಿಖರ ಬಂದರೆ ಅವು ತಲೆಯಿಂದಲೇ ಮೊಳೆತಂತೆ ಕಾಣುತ್ತವೆ. ನಿಜದಲ್ಲಿ ಕಂಬ ನೂರು ಅಡಿ ಹಿಂದಿದೆ ಎಂದು ನಮ್ಮ ಎರಡು ಕಣ್ಣಿಗೂ ಗೊತ್ತು, ಕ್ಯಾಮರಾ ಒಂಟಿಗಣ್ಣಿನದು. ಗುಂಪಿನ ಫೋಟೊ ಎಂದರೆ ರೇಷನ್ ಅಂಗಡಿಯ ಸಾಲಿನಂತೆ ನಿಲ್ಲಿಸುವ ಅಭ್ಯಾಸ ಬಿಡಿ. ಕೆಲವರು ಮೆಟ್ಟಿಲ ಮೇಲೆ, ಕೆಲವರು ಕಟ್ಟೆಯ ಮೇಲೆ, ಒಬ್ಬರಿಗೊಬ್ಬರು ತಾಗಿ ಕೂರಲಿ. ನಡುವೆ ಮಾರುದ್ದ ಜಾಗ ಬಿಟ್ಟರೆ ಜಗಳವಾಡಿದವರಂತೆ ಕಾಣುತ್ತದೆ. ಹತ್ತಿರವಿದ್ದ ಚುಕ್ಕಿಗಳು ಒಂದು ಗುಂಪಾಗಿ ಕಾಣುತ್ತವೆ ಎಂದು ಆಗಲೇ ನೋಡಿದೆವಲ್ಲ!

ಮೊಬೈಲು ಸದಾ ನಿಮ್ಮ ಕೈಯಲ್ಲೇ ಇದ್ದರೆ ಯಾವ ಫೋಟೊದಲ್ಲೂ ನೀವು ಇರುವುದಿಲ್ಲ, ಇದೂ ನೆನಪಿರಲಿ. ಈ ಊರುಗಳೆಲ್ಲ ಹಿಂದೆ ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದವು. ನಿಜಾಮನ ಆಸ್ಥಾನದ ಛಾಯಾಚಿತ್ರಗಾರ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಹೆಂಗಸರಿಗೆಂದೇ ಒಂದು ಸ್ಟುಡಿಯೊ ತೆರೆದರು. ಅದನ್ನು ನಡೆಸಿದವಳು ಕೆನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಹೊರಗಿನವರ ಕಣ್ಣಿಗೆ ಬೀಳದ ಹೆಂಗಸರೂ ಫೋಟೊದಲ್ಲಿ ಉಳಿಯಬೇಕೆಂದು ಆಸೆಪಟ್ಟ ಕಾಲ ಅದು. ಇಂದು ಪರದೆಯಿಲ್ಲದೆಯೂ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಅವ್ವ ಇಲ್ಲ, ಅಡುಗೆಮನೆಯಲ್ಲಿದ್ದಾಳೆ! ಮಗನ ಕೈಗೆ ಮೊಬೈಲು ಕೊಟ್ಟು, ಎಲ್ಲಿ ನಿಲ್ಲಬೇಕೆಂದು ಹೇಳಿ, ಹೋಗಿ ಹೊಸ್ತಿಲಲ್ಲಿ ಕುಳಿತುಕೊಳ್ಳಿ.

ಮೂರನೆಯ ದಿನ ಕೈಯಲ್ಲಿದ್ದರೆ

ಭೀಮಾ ನದಿಯ ದಂಡೆಯ ಸನ್ನತಿ, ಅದರ ಪಕ್ಕದ ಕನಗನಹಳ್ಳಿ ಕಲಬುರ್ಗಿ ಜಿಲ್ಲೆಗೆ ಸೇರಿದವು, ಆದರೆ ಇಲ್ಲಿಂದ ದೂರವಿಲ್ಲ. 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೊಂದರ ಅವಶೇಷ ಸಿಕ್ಕ ಊರು ಕನಗನಹಳ್ಳಿ. ಕಲ್ಲಿನ ಹಲಗೆಗಳ ಮೇಲೆ ಉಬ್ಬು ಕೆತ್ತನೆಗಳು.

ಉಬ್ಬು ಕೆತ್ತನೆಯ ಫೋಟೊಗೆ ಬಿಸಿಲು ಓರೆಯಾಗಿ ಪಕ್ಕದಿಂದ ಬೀಳಬೇಕು. ಎದುರು ಬಿಸಿಲಿಗೆ ಎಲ್ಲ ಚಪ್ಪಟೆ. ಮನೆಯಲ್ಲೇ ಒಂದು ಆಟ ಆಡಿ ನೋಡಿ. ಪಡ್ಡಿನ ಹಂಚನ್ನು ಕಿಟಕಿಯ ಹತ್ತಿರ ಇಟ್ಟು, ಬೆಳಕು ಮೇಲಂಚಿನ ಕಡೆಯಿಂದ ಬೀಳುವಂತೆ ಫೋಟೊ ತೆಗೆಯಿರಿ. ಈಗ ಆ ಫೋಟೊವನ್ನು ತಲೆಕೆಳಗು ಮಾಡಿ. ಕುಳಿಗಳೆಲ್ಲ ಗುಬ್ಬಿಗಳಾಗಿ ಕಾಣುತ್ತವೆ! ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಬಿಟ್ಟಿದೆ, ಸೂರ್ಯನ ಕೆಳಗೆ ಬಾಳಿದ ಅಭ್ಯಾಸ. ಶಾಸನದ ಅಕ್ಷರಗಳ ಫೋಟೊ ಕೆಲವೊಮ್ಮೆ ಕೊರೆದದ್ದೋ ಉಬ್ಬಿದ್ದೋ ತಿಳಿಯದಂತಾಗುವುದು ಇದೇ ಕಾರಣಕ್ಕೆ. ಬೆಳಕು ಚಿತ್ರದ ಮೇಲಿನ ಮೂಲೆಯಿಂದ ಬರುವಂತೆ ನೋಡಿಕೊಂಡರೆ ಸರಿಹೋಗುತ್ತದೆ.

ಈ ಕನಗನಹಳ್ಳಿಯ ಒಂದು ಹಲಗೆಯಲ್ಲಿ ಒಬ್ಬ ರಾಜ ನಿಂತಿದ್ದಾನೆ. ಪಕ್ಕದಲ್ಲಿ ರಾಣಿ, ಸುತ್ತ ಚಾಮರ, ಛತ್ರಿ ಹಿಡಿದ ಪರಿವಾರದ ಹೆಂಗಸರು. ಅಂಥ ರಾಜರಾಣಿಯರ ಕೆತ್ತನೆ ದೇಶದಲ್ಲಿ ಎಷ್ಟಿಲ್ಲ? ಆದರೆ ಇದನ್ನು ನೋಡಲು ದೂರದ ದೇಶಗಳ ವಿದ್ವಾಂಸರೂ ಬರುತ್ತಾರೆ. ಕಾರಣ, ಕೆತ್ತಿದವರು ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೊ" ಎಂದು ಹೆಸರು ಬರೆದಿಟ್ಟರು. ಆ ಒಂದು ಸಾಲಿನಿಂದ ಅವನು ಅಶೋಕ ಚಕ್ರವರ್ತಿ ಎಂದು ನಮಗೆ ಗೊತ್ತಾಯಿತು. ಪಕ್ಕದಲ್ಲಿ ನಿಂತ ರಾಣಿಯ ಹೆಸರು ಮಾತ್ರ ಬರೆದಿಲ್ಲ.

ಊರಿಗೆ ಮರಳಿದ ಮೇಲೆ ಮೊಬೈಲಿನಲ್ಲಿರುವ ಮುನ್ನೂರರಲ್ಲಿ ಹತ್ತನ್ನು ಆರಿಸಿ ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ. ಹಿಂಬದಿಯಲ್ಲಿ ಒತ್ತಿ ಬರೆದರೆ ಗೆರೆ ಮುಂದಕ್ಕೆ ಮೂಡುತ್ತದೆ, ಆದ್ದರಿಂದ ಅಂಚಿನಲ್ಲಿ ಹಗುರವಾಗಿ ಊರು, ವರ್ಷ, ಇರುವವರ ಹೆಸರು ಬರೆಯಿರಿ. ಎಡದಿಂದ ಬಲಕ್ಕೆ, ಒಬ್ಬರನ್ನೂ ಬಿಡದಂತೆ, ಹೊಸ್ತಿಲಲ್ಲಿ ಕೂತ ಅತ್ತೆಯದು, ನಿಮ್ಮದೂ ಸೇರಿಸಿ.